ಬಚ್ಚಲ ಒಲೆಗೆ ಹೋದ ಹೀರೆಬೀಜ

ಗುಬ್ಬಿ, ಗುಂಡ್ಯಾ, ಪುಟ್ಟವ್ವ, ಮೊಮ್ಮಕ್ಕಳೇ, ಮೂವರೂ ಕೇಳಿ. ಶಾಲೆಯ ಪಟ್ಟಿಯಲ್ಲಿ ನಿಮಗೆ ಉದ್ದುದ್ದ ಹೆಸರುಗಳಿವೆ. ಅವನ್ನೆಲ್ಲ ಬರೆಯಲು ಹೋದರೆ ನನ್ನ ಮೊದಲ ಹಾಳೆ ಅಲ್ಲಿಗೇ ತುಂಬುತ್ತದೆ. ನಾನು ಕರೆಯುವ ಹೆಸರೇ ಇಲ್ಲಿಯೂ ಇರಲಿ.

ಮೊನ್ನೆ ಗುಬ್ಬಿ ಮಾಳಿಗೆಯ ಮೇಲೆ ಐದಾರು ಹಳೆಯ ಡಬ್ಬಿಗಳಿಗೆ ಮಣ್ಣು ತುಂಬಿಟ್ಟು, "ಆಯಿ, ಇಷ್ಟು ಚಳಿಯೊಳಗ ಬೀಜ ಹಾಕಿದ್ರ ಹುಟ್ಟತಾವೇನು?" ಎಂದು ಕೇಳಿದಳು. ಹುಟ್ಟುತ್ತವೆ ಎಂದೆ. ಹ್ಯಾಂಗ ಎಂದಳು. ನಾನು ಬಾಯಿ ತೆರೆದೆ, ಎರಡು ಮಾತಾಡುವಷ್ಟರಲ್ಲಿ ಮೂರನೆಯದು ಗಂಟಲಲ್ಲೇ ನಿಂತಿತು. ಗುಂಡ್ಯಾ ನಕ್ಕ. ನಾಲ್ಕು ಜನ ನನ್ನ ಮುಖ ನೋಡುತ್ತ ಕೂತರೆ ನನಗೆ ಮೊದಲಿಂದಲೂ ಹಾಗೆಯೇ. ಅದಕ್ಕೆ ಬರೆದುಕೊಡುತ್ತಿದ್ದೇನೆ. ಚಳಿಗಾಲದಲ್ಲಿ ಬೀಜಕ್ಕೆ ಮೊಳಕೆ ಬರಿಸುವ ಬಗೆಯನ್ನು ಹೇಳಬೇಕಾದರೆ, ಮೊದಲು ನಾನು ಬೀಜ ಸುಟ್ಟ ಸಂಗತಿಯನ್ನು ಹೇಳಬೇಕಾಗುತ್ತದೆ.

ನನ್ನ ತವರು ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರು. ನನ್ನನ್ನು ಕೊಟ್ಟದ್ದು ಕಲ್ಯಾಣಕ್ಕೆ. ನೀವು ಈಗ ಬಸವಕಲ್ಯಾಣ ಎನ್ನುತ್ತೀರಿ, ಆಗ ನಮ್ಮ ಬಾಯಲ್ಲಿ ಬರೀ ಕಲ್ಯಾಣ. ದೂರದಲ್ಲೆಲ್ಲೋ ದೊಡ್ಡ ಲಡಾಯಿ ನಡೆದಿತ್ತು, ಅದರ ಸುದ್ದಿ ನಮಗೆ ಸೀಮೆಎಣ್ಣೆ ಸಿಗದೆ ಹೋದಾಗ ಮಾತ್ರ ತಿಳಿಯುತ್ತಿತ್ತು. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ ಅಂದರೆ ನಿಮ್ಮ ಮುತ್ಯಾ, ಮತ್ತು ನಾನು, ನಾಲ್ಕೇ ಜನ. ನಾನು ಬಂದು ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ನಾನು ಆಡಿದ ಮಾತೆಂದರೆ "ಹೂಂ ರೀ", "ಇಲ್ಲರೀ", "ತಂದೆರೀ", ಇಷ್ಟೇ.

ಮನೆಯ ಹಿಂದೆ ಹಿತ್ತಲು. ಅದು ಅತ್ತೆಯ ರಾಜ್ಯ. ಒಂದು ಬಾವಿ, ಒಂದು ಬೇವಿನ ಮರ, ಬಚ್ಚಲಿನಿಂದ ಹೊರಟು ಗಿಡದಿಂದ ಗಿಡಕ್ಕೆ ಹರಿಯುವ ಒಂದು ಸಣ್ಣ ಕಾಲುವೆ. ಮಾವ ಹೊಲ ನೋಡಿಕೊಳ್ಳುತ್ತಿದ್ದರು. ಹಿತ್ತಲಿಗೆ ಬಂದರೆ ಮಾತ್ರ ಎಲ್ಲಿ ಕಾಲಿಡಬೇಕೆಂದು ಅತ್ತೆಯನ್ನು ಕೇಳಿಯೇ ಇಡುತ್ತಿದ್ದರು.

ಆ ಹಿತ್ತಲಿನಲ್ಲಿ ಅತ್ತೆಗೆ ಎಲ್ಲಕ್ಕಿಂತ ಹೆಚ್ಚಿನದು ಗೊಂಚಲು ಹೀರೆ. ನೀವು ಸಂತೆಯಲ್ಲಿ ಕಾಣುವ ಮೊಳದುದ್ದದ ಹೀರೆಯಲ್ಲ ಅದು. ಒಂದೊಂದು ಕಾಯಿ ಹೆಚ್ಚೆಂದರೆ ನನ್ನ ನಡುಬೆರಳಿನಷ್ಟು ಉದ್ದ, ಒಂದೇ ತೊಟ್ಟಿಗೆ ಐದೋ ಆರೋ ಗೊಂಚಲಾಗಿ ಜೋತುಬೀಳುತ್ತಿದ್ದವು. ಕತ್ತರಿಸುವ ಕೆಲಸವಿಲ್ಲ. ಇಡೀ ಕಾಯಿಯ ಹೊಟ್ಟೆ ಸೀಳಿ ಶೇಂಗಾಪುಡಿ ತುಂಬಿ ಬೇಯಿಸಿದರೆ ಆಯಿತು. ಅತ್ತೆಯ ತವರು ಹುಮನಾಬಾದು. ಮದುವೆಯಲ್ಲಿ ಉಡಿ ತುಂಬುವಾಗ ಅವರ ತಾಯಿ ಅಕ್ಕಿ, ಕೊಬ್ಬರಿಗಳ ಜೊತೆ ಈ ಬೀಜವನ್ನೂ ಒಂದು ಹಿಡಿ ಹಾಕಿ ಕಳಿಸಿದ್ದರಂತೆ. ಆ ತಾಯಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅತ್ತೆ ಓಣಿಯ ಎಲ್ಲರಿಗೂ ಕಾಯಿ ಹಂಚುತ್ತಿದ್ದರು. ಬೀಜವನ್ನು ಮಾತ್ರ ಯಾರಿಗೂ ಕೊಟ್ಟವರಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಕಾಯಿ ಬೇಕಂದ್ರ ದಿನಾ ಬರ್ರಿ. ಬೀಜ ನನ್ನ ಅವ್ವಂದು."

ಬೀಜ ಕಾಯ್ದಿಡುವ ಬಗೆ ಮನೆಗೊಂದು ತರಹ. ನಮ್ಮ ಹುಡಗಿಯಲ್ಲಿ ಒಣಗಿದ ಸೋರೆ ಬುರುಡೆಯೊಳಗೆ ಬೂದಿ ತುಂಬಿ, ಅದರಲ್ಲಿ ಬೀಜ ಹುದುಗಿಸಿ ಅಡಿಗೆ ಒಲೆಯ ಮೇಲಕ್ಕೆ ತೂಗುಹಾಕುತ್ತಿದ್ದರು. ಅತ್ತೆಯ ಮನೆಯಲ್ಲಿ ಬದನೆ, ಮೆಣಸಿನ ಬೀಜಕ್ಕೆ ಬೂದಿಯೇ, ಆದರೆ ಹೀರೆಬೀಜಕ್ಕೆ ಸೆಗಣಿ. ಹಸಿ ಸೆಗಣಿಯ ಸಣ್ಣ ಉಂಡೆಯೊಳಗೆ ಎರಡು ಮೂರು ಬೀಜ ಒತ್ತಿ, ಉರುವಲಿನ ಕುಳ್ಳು ತಟ್ಟಿದಂತೆ ಗೋಡೆಗೆ ತಟ್ಟಿಬಿಡುತ್ತಿದ್ದರು. ಒಣಗಿದ ಮೇಲೆ ಹುಳ ಮುಟ್ಟುವುದಿಲ್ಲ, ಇಲಿ ಮೂಸುವುದಿಲ್ಲ. ಆ ಗೋಡೆ ಯಾವುದೆಂದರೆ ಬಚ್ಚಲಿನ ಹಿಂಬದಿಯದು, ಒಬ್ಬರೇ ತೂರಿ ಹೋಗುವಷ್ಟು ಇಕ್ಕಟ್ಟಾದ ಸಂದಿ. ಕಂಡವರ ಕಣ್ಣು ಬೀಳಬಾರದೆಂದು ಅಲ್ಲಿ. ರಥಸಪ್ತಮಿಯ ತನಕ ತಾವೂ ಆ ಕಡೆ ಹೋಗುತ್ತಿರಲಿಲ್ಲ, ಯಾರಿಗೂ ಹೇಳುತ್ತಿರಲಿಲ್ಲ. ನನಗೂ ಹೇಳಿರಲಿಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಎರಡು ದಿನ ಇತ್ತು. ಅಮಾವಾಸ್ಯೆಯ ಭಜ್ಜಿ ಪಲ್ಯಕ್ಕೆ ಕಡಲೆಸೊಪ್ಪು ಕಿತ್ತು ತರಲು ಅತ್ತೆ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದರು. ಹಿಂದಿನ ದಿನ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹನಿದು, ಕುಳ್ಳಿನ ಒಟ್ಟಿಲು ತೋಯ್ದುಹೋಗಿತ್ತು. ಮಾವ ಸ್ನಾನಕ್ಕೆ ಕಾಯುತ್ತಿದ್ದರು. ಊದಿ ಊದಿ ನನ್ನ ಕಣ್ಣೆಲ್ಲ ಕೆಂಪಾದವು, ಒಲೆಯಲ್ಲಿ ಹೊಗೆ ಬಿಟ್ಟರೆ ಬೇರೇನೂ ಇಲ್ಲ. ಒಣಗಿದ್ದು ಏನಾದರೂ ಸಿಕ್ಕೀತೆಂದು ಹುಡುಕುತ್ತ ಬಚ್ಚಲ ಹಿಂದಿನ ಸಂದಿಗೆ ಹೋದೆ. ನೋಡಿದರೆ ಗೋಡೆಯ ಮೇಲೆ ಸಾಲಾಗಿ ಹನ್ನೊಂದು ಕುಳ್ಳು! ಅಂಗೈಯಗಲದವು, ಮಾಡಿನ ಮರೆಗೆ ತೋಯದೆ ಹಪ್ಪಳದಂತೆ ಒಣಗಿದ್ದವು. ಅತ್ತೆ ಎಷ್ಟು ಜಾಣೆ, ಮಳೆಗಾಲಕ್ಕೆಂದು ಮರೆಯಲ್ಲಿ ಇಟ್ಟಿದ್ದಾರೆ ಎಂದುಕೊಂಡೆ. ಹನ್ನೊಂದನ್ನೂ ಕಿತ್ತು ತಂದು ಹಂಡೆಯ ಕೆಳಗೆ ತುಂಬಿದೆ.

ಒಲೆ ಧಗ್ಗನೆ ಹತ್ತಿತು. ನಡುನಡುವೆ ಚಟ್, ಚಟ್ ಎಂದು ಸಿಡಿಯುತ್ತಿತ್ತು. ದನ ಜೋಳ ತಿಂದಿರಬೇಕು ಎಂದುಕೊಂಡೆ.

ಒಳಗಿನಿಂದ ಮಾವ ಕೂಗಿದರು: "ಅಬ್ಬಬ್ಬಾ, ಏನ್ ನೀರು ಕಾಸೀದಿ ತಂಗಿ! ಮೈ ಸುಲಿಯಾಕತ್ತದ. ಹುಡಗಿಯವರಿಗೆ ಒಲಿ ಹಚ್ಚಾಕ ಬರತದ ನೋಡು!"

ಅತ್ತೆಯ ಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಇಡೀ ದಿನ ಖುಷಿಯಿಂದ ಓಡಾಡಿದೆ.

ಅಮಾವಾಸ್ಯೆ ಮುಗಿದ ಮರುದಿನ ಅತ್ತೆ ಹಿತ್ತಲಿನ ಎಳೆಬಿಸಿಲಿನಲ್ಲಿ ಮೊರ ಹಿಡಿದು ಕೂತರು. ವರ್ಷವೂ ಅಂದೇ ಅವರು ಬೇಸಿಗೆಯ ಹಿತ್ತಲನ್ನು ಗೊತ್ತುಮಾಡುವ ದಿನ. ಮೊರದ ತುಂಬ ತೆಳ್ಳಗೆ ಬೂದಿ ಹರಡಿ, ಬೆರಳಿನಿಂದ ಹಿತ್ತಲಿನ ನಕ್ಷೆ ಬರೆದರು. ಇದು ಬಾವಿ, ಇದು ಬೇವಿನ ಮರ, ಇದು ಬಚ್ಚಲ ನೀರಿನ ಕಾಲುವೆ. ಬೇವಿನ ನೆರಳು ಬೆಳಿಗ್ಗೆ ಎಲ್ಲಿರುತ್ತದೆ, ಮಧ್ಯಾಹ್ನ ಎಲ್ಲಿಗೆ ಸರಿಯುತ್ತದೆ ಎಂಬುದಕ್ಕೂ ಗೆರೆ. ಆಮೇಲೆ ಯಾವ ಜಾಗದಲ್ಲಿ ಯಾವುದು ಎಂದು ಆಯಾ ಬೀಜವನ್ನೇ ಒಂದೊಂದಾಗಿ ಇಡುವುದು. ಗಾಳಿ ಬೀಸಿದರೆ ಮತ್ತೆ ಮೊದಲಿನಿಂದ.

"ಬಾ ಇಲ್ಲಿ, ಕುಂದ್ರು," ಎಂದು ನನ್ನನ್ನು ಕರೆದರು. "ನಿನಗ ಅಕ್ಷರ ಬರತಾವಂತ ನಿಮ್ಮಪ್ಪ ಹೇಳಿದ್ದ. ಖರೇನೋ, ಮಗಳನ್ನ ದಾಟಸಾಕ ಹೇಳಿದ ಮಾತೋ?"

"ಬರತಾವ್ರಿ." ಊರಿನ ಐಗಳ ಜಗಲಿಯಲ್ಲಿ ಮೂರು ವರ್ಷ ಮರಳಿನ ಮೇಲೆ ತಿದ್ದಿದವಳು ನಾನು.

"ಹಾಂಗಾರ ಬರಿ. ಪ್ರತಿ ವರ್ಷ ಈ ಗಾಳಿ ಕೂಡ ಜಗಳ ಆಡಿ ನನಗ ಸಾಕಾಗೇದ."

ನಿಮ್ಮ ಮುತ್ಯಾನ ಹಳೆಯ ಲೆಕ್ಕದ ವಹಿಯಲ್ಲಿ ಎರಡು ಖಾಲಿ ಹಾಳೆ ಇದ್ದವು. ಬರೆಯತೊಡಗಿದೆ. ಬಾವಿಯ ಪಕ್ಕ ಬದನೆ. ಅದರ ಸಸಿಯನ್ನು ಈಗಲೇ ಒಡಕು ಗಡಿಗೆಯಲ್ಲಿ ಹಾಕಬೇಕು, ಹಗಲು ಬಿಸಿಲಿಗೆ, ಸಂಜೆ ಬಚ್ಚಲ ಒಲೆಯ ಪಕ್ಕಕ್ಕೆ. ಮೆಣಸಿನಕಾಯಿಗೂ ಹಾಗೆಯೇ, ಆದರೆ ಬೇರೆ ಗಡಿಗೆ. ಬೇವಿನ ನೆರಳಿಗೆ ಕೊತ್ತಂಬರಿ. ಕಾಲುವೆಯ ಕೊನೆಗೆ ಸೌತೆ. ಅತ್ತೆ ಹೇಳುತ್ತಿದ್ದರು, ಬೀಜ ಇಡುತ್ತಿದ್ದರು, ನಾನು ಬರೆಯುತ್ತಿದ್ದೆ. ಅವರಿಗೆ ಓದಲು ಬಾರದು, ಆದರೂ ಪ್ರತಿ ಸಾಲಿಗೂ ಬಗ್ಗಿ ನೋಡಿ, "ಬದನೀಕಾಯಿ ಅಂದ್ರ ಇಷ್ಟ ಸಣ್ಣದೇನು?" ಎಂದು ಕೇಳುತ್ತಿದ್ದರು. ಅಂಥ ಸಲಿಗೆ ಅದುವರೆಗೆ ನಮ್ಮಿಬ್ಬರಲ್ಲಿ ಇರಲಿಲ್ಲ.

ಕೊನೆಗೆ ಬಚ್ಚಲ ಮಾಡಿನ ಹತ್ತಿರ ಒಂದು ಹುಣಸೆಬೀಜ ಇಟ್ಟರು.

"ಇದು ಗೊಂಚಲ ಹೀರಿ, ಬರಿ. ಮಾಡಿನ ಮ್ಯಾಲ ಹಬ್ಬತದ."

"ಹುಣಸಿಬೀಜ ಯಾಕ್ರಿ?" ಎಂದು ಹೇಗೋ ಧೈರ್ಯ ಮಾಡಿ ಕೇಳಿದೆ.

ಅತ್ತೆ ಆಚೀಚೆ ನೋಡಿ ದನಿ ತಗ್ಗಿಸಿದರು. "ಹೀರಿಬೀಜ ಈಗ ತೆಗಿಯಾಂಗಿಲ್ಲ. ಬಚ್ಚಲ ಹಿಂದಿನ ಗ್ವಾಡಿಗಿ ಅದಾವ, ಕುಳ್ಳಿನಾಗ. ಯಾರಿಗೂ ಹೇಳಬ್ಯಾಡ, ನೀನೂ ನೋಡಾಕ ಹೋಗಬ್ಯಾಡ. ರಥಸಪ್ತಮಿ ದಿನ ನಾನ ತೆಗಿತೇನಿ."

ಗೊಂಚಲು ಎಂದು ಬರೆದಿದ್ದೆ. ಹೀರೆ ಎಂದು ಬರೆಯಲು ಕೈ ಏಳಲಿಲ್ಲ. ಒಲೆಯಲ್ಲಿ ಚಟ್ ಚಟ್ ಎಂದದ್ದು ಏನೆಂದು ಆಗ ತಿಳಿಯಿತು. ಅವರ ತಾಯಿಯ ಬೀಜವನ್ನೆಲ್ಲ ನಾನು ಮಾವನ ಸ್ನಾನಕ್ಕೆ ಸುಟ್ಟಿದ್ದೆ. ಒಂದೂ ಉಳಿದಿರಲಿಲ್ಲ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ರಥಸಪ್ತಮಿಗೆ ಇನ್ನೂ ತಿಂಗಳ ಮೇಲೆ ದಿನಗಳಿವೆ ಎಂದು ಮನಸ್ಸು ಲೆಕ್ಕ ಹಾಕಿಬಿಟ್ಟಿತು.

ಪಕ್ಕದ ಮನೆಯಲ್ಲಿ ಖಾಲಾ, ಅತ್ತೆಯ ಗೆಳತಿ. ನಡುವೆ ಎದೆಯೆತ್ತರದ ಗೋಡೆ, ದಿನಕ್ಕೆ ಹತ್ತು ಸಲ ಇಬ್ಬರೂ ಅದಕ್ಕೆ ಆತು ಮಾತಾಡುತ್ತಿದ್ದರು. ಅವರ ಗಂಡ ಟಾಂಗಾ ಹೊಡೆಯುತ್ತಿದ್ದರು, ಕಲ್ಯಾಣದಿಂದ ಹುಮನಾಬಾದಿಗೆ, ಹುಮನಾಬಾದಿನಿಂದ ಕಲ್ಯಾಣಕ್ಕೆ. ಅವರನ್ನು ನಾವು ಚಾಚಾ ಎನ್ನುತ್ತಿದ್ದೆವು. ನಾನು ಬಾವಿಯ ಬಳಿ ನಿಂತು ಕಣ್ಣೊರೆಸಿಕೊಳ್ಳುವುದನ್ನು ಖಾಲಾ ನೋಡಿದರು.

"ಅರೇ ಬೇಟಿ, ಯಾಕ ಅಳಾಕತ್ತಿ? ಅತ್ತಿ ಬೈದಳೇನು?"

"ಇಲ್ಲರೀ. ಇನ್ನ ಬೈತಾರ್ರೀ," ಎಂದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ.

ಖಾಲಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಾರೆಂದುಕೊಂಡೆ, ನಗುತ್ತಿದ್ದರು. "ಯಾ ಅಲ್ಲಾ! ಮಾವಗ ಹೀರಿಬೀಜದ ನೀರು ಹಾಕಿದೆಲ್ಲ!"

"ನಿಮ್ಮ ಕಡೆ ನಾಲ್ಕು ಬೀಜ ಅದಾವೇನ್ರಿ?"

"ನಿನ್ನ ಅತ್ತಿ ನನಗ ಬೀಜ ಕೊಡತಾಳೇನು? ಇಪ್ಪತ್ತು ವರ್ಷ ಆತು ಕಾಯಿ ತಿನ್ನಾಕತ್ತೇನಿ. ಎಳೀವು ಆರಿಸಿ ಆರಿಸಿ ಕೊಡತಾಳ. ಎಳೀ ಕಾಯಿಯೊಳಗ ಬೀಜ ಎಲ್ಲಿಂದ ಬರಬೇಕು?" ಎಂದು ಸ್ವಲ್ಪ ಯೋಚಿಸಿದರು. "ಫಿಕೀರ್ ಮಾಡಬ್ಯಾಡ. ಸಂಕ್ರಾಂತಿಗಿ ತವರಿಗೆ ಹೊಂಟೀಯಲ್ಲ, ನಮ್ಮವರ ಟಾಂಗಾದಾಗ? ಹುಮನಾಬಾದಿನಾಗ ನಿನ್ನ ಅತ್ತಿ ತವರುಮನಿ ಅದ. ಅಲ್ಲಿ ಕೇಳು. ಬೇರು ಇದ್ದಲ್ಲಿ ಬೀಜ ಇರತದ."

ಸಂಕ್ರಾಂತಿಗೆ ನಿಮ್ಮ ಮುತ್ಯಾ ಮತ್ತು ನಾನು ಹೊರಟೆವು. ತಮ್ಮ ತವರಿನ ಅಣ್ಣನ ಮನೆಗೆ ಕೊಡಲು ಅತ್ತೆ ಕುಸುರೆಳ್ಳಿನ ಡಬ್ಬಿ ಕಟ್ಟಿಕೊಟ್ಟರು. ಅಲ್ಲಿಗೆ ಹೋಗಲು ನನಗೆ ನೆಪವೂ ಸಿಕ್ಕಂತಾಯಿತು. ಮುತ್ಯಾ ಮುಂದೆ ಚಾಚಾನ ಪಕ್ಕದಲ್ಲಿ, ನಾನು ಹಿಂದೆ, ಗಂಟುಗಳ ನಡುವೆ. ಊರು ದಾಟಿದ್ದೇ ತಡ, ನನ್ನ ಆಸನದ ಕೆಳಗೆ ಏನೋ ಗಿಲಿಗಿಲಿ ಎನ್ನತೊಡಗಿತು. ಕುದುರೆ ಓಡಿದರೆ ಗಿಲಿಗಿಲಿ, ನಡೆದರೆ ಗಿಲ್, ಗಿಲ್.

"ಚಾಚಾ, ನಿಮ್ಮ ಟಾಂಗಾದ್ದು ಯಾವುದೋ ಮೊಳೀ ಸಡಲೇದ," ಎಂದರು ನಿಮ್ಮ ಮುತ್ಯಾ.

ಚಾಚಾಗೆ ಸಿಟ್ಟು ಬಂತು. "ನನ್ನ ಟಾಂಗಾದ ಮೊಳೀನ? ಅರೇ, ನಿಮ್ಮ ಹಲ್ಲು ಸಡಲೀತು, ನನ್ನ ಟಾಂಗಾದ ಮೊಳಿ ಸಡಲಾಂಗಿಲ್ಲ!"

ಹುಮನಾಬಾದು ಮುಟ್ಟುವ ತನಕ ಆ ಗಿಲಿಗಿಲಿಯನ್ನು ಕೇಳುತ್ತಲೇ ಹೋದೆ. ನನ್ನ ಮನಸ್ಸೆಲ್ಲ ಅತ್ತೆಯ ತವರುಮನೆಯಲ್ಲಿತ್ತು.

ಅಲ್ಲಿ ಅತ್ತೆಯ ಅಣ್ಣನ ಹೆಂಡತಿ ಇದ್ದರು. ದೊಡ್ಡ ದನಿಯ, ದೊಡ್ಡ ಕುಂಕುಮದ ಹೆಂಗಸು. ಎಳ್ಳು ಕೊಟ್ಟೆ, ಕಾಲಿಗೆ ನಮಸ್ಕಾರ ಮಾಡಿದೆ, ನೀರು ಕುಡಿದೆ, ಇನ್ನೊಮ್ಮೆ ನೀರು ಕುಡಿದೆ. ಕೊನೆಗೆ ಕೇಳಿದೆ: "ಗೊಂಚಲ ಹೀರಿ ಬೀಜ ಅದಾವೇನ್ರಿ?"

"ಅಯ್ಯ ತಂಗಿ!" ಎಂದು ಅವರು ನನ್ನ ಕೈ ಹಿಡಿದುಕೊಂಡರು. "ಅದು ನಮ್ಮಲ್ಲಿ ಹೋಗಿ ಹತ್ತು ವರ್ಷಾತು. ಒಂದ ವರ್ಷ ಮಂಗ್ಯಾ ತಿಂದು ಹಾಳು ಮಾಡಿದವು, ಮುಗೀತು. ನಿಮ್ಮ ಅತ್ತಿನ್ನ ಕೇಳಬೇಕಂತ ಪ್ರತಿ ವರ್ಷ ಅಂದಕೋತೇನಿ, ಆಕಿ ಬೀಜ ಕೊಡಾಂಗಿಲ್ಲಂತ ಬಾಯಿ ಮುಚ್ಚಕೊಂಡ ಕೂಡತೇನಿ. ನೀ ಜಾಣಿ ಕಾಣಸತಿ. ಮುಂದಿನ ಸಲ ಬರುವಾಗ ಕದ್ದಾರ ನಾಲ್ಕು ತಗೊಂಡ ಬಾ ನಮ್ಮವ್ವ."

ಹೂಂ ರೀ ಎಂದು ಬಂದೆ. ಬೇರೇನು ಹೇಳಲಿ?

ಪೇಟೆಯಲ್ಲಿ ಬೀಜ ಮಾರುವ ಒಬ್ಬ ಮುದುಕನಿದ್ದ. ನಿಮ್ಮ ಮುತ್ಯಾಗೆ ವಿಷಯ ತಿಳಿಯದು, ಆದರೂ ನಾನು ಅಲ್ಲಿ ನಿಂತು ಗೊಂಚಲು ಹೀರೆ ಎಂದದ್ದಕ್ಕೆ ತಾವೇ ಹೋಗಿ ಕೇಳಿದರು. ಮುದುಕ ಹೇಳಿದ: "ಗೊಂಚಲಾಗಿ ಬಿಡೋದು ದ್ರಾಕ್ಷಿರೀ ಸಾವ್ಕಾರ್ರ. ಹೀರಿ ಒಂದೊಂದ ಬಿಡತದ."

ಹುಡಗಿಯಲ್ಲಿ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಸುಟ್ಟಾಕಿ ನೀನು, ಹೇಳಾಕಿನೂ ನೀನ ಆಗಬೇಕು. ಹೋಗಿ ಹೇಳು," ಎಂದಳು.

ನಾಲ್ಕು ದಿನ ಬಿಟ್ಟು ಅದೇ ಟಾಂಗಾದಲ್ಲಿ ತಿರುಗಿ ಹೊರಟೆವು. ಮತ್ತೆ ಅದೇ ಗಿಲಿಗಿಲಿ. ಅತ್ತೆಗೆ ಯಾವ ಮಾತಿನಿಂದ ಶುರು ಮಾಡಲಿ ಎಂದು ಮನಸ್ಸಿನಲ್ಲೇ ಕಟ್ಟುತ್ತಿದ್ದೆ, ಒಂದು ಸಾಲು ಮುಗಿಯುವುದರೊಳಗೆ ಆ ಸದ್ದು ಕೆಡಿಸುತ್ತಿತ್ತು.

ಕಲ್ಯಾಣ ಇನ್ನೂ ಎರಡು ಹರದಾರಿ ಇರುವಾಗ ಹೊತ್ತು ಮುಳುಗಲು ಬಂತು. ಚಾಚಾ ಒಂದು ಬಾವಿಯ ಬಳಿ ಟಾಂಗಾ ನಿಲ್ಲಿಸಿ ಕುದುರೆಗೆ ನೀರು ತೋರಿಸಿದರು. ಟಾಂಗಾದ ಎರಡೂ ಬದಿಯ ದೀಪ ಹಚ್ಚಬೇಕಿತ್ತು. ದೀಪದ ಗಾಜು ಮಸಿ ಹಿಡಿದಿತ್ತು. ನನ್ನನ್ನು ಇಳಿಸಿ, ಆಸನದ ಹಲಗೆ ಎತ್ತಿ, ಒಳಗಿನಿಂದ ಕಡ್ಡಿಗೆ ಸಿಕ್ಕಿಸಿದ ಒಂದು ನಾರಿನ ಉಂಡೆ ತೆಗೆದರು. ಅದು ಸವೆದು ಚಿಂದಿಯಾಗಿತ್ತು. ಎಸೆದರು. ಮತ್ತೆ ಕೈ ಹಾಕಿ, ಒಣಗಿ ಕಂದುಬಣ್ಣವಾದ, ಬೆರಳಿಗಿಂತ ತುಸು ದಪ್ಪನೆಯ ಒಂದು ಕಾಯಿ ತೆಗೆದರು. ಮೈಮೇಲೆ ಉದ್ದಕ್ಕೂ ಹೀರೆಯ ಏಣು. ತೆಗೆದಾಗ ಅದು ಗಿಲಿಗಿಲಿ ಎಂದಿತು. ಸಿಪ್ಪೆ ಉದುರಿಸಲು ಚಕ್ರಕ್ಕೆ ಬಡಿಯಲೆಂದು ಚಾಚಾ ಕೈ ಎತ್ತಿದರು.

"ಚಾಚಾ! ಒಡೀಬ್ಯಾಡ್ರಿ!"

ಕೂಗಿದ್ದು ನಾನೇ. ಕುದುರೆ ಕಿವಿ ನಿಮಿರಿಸಿತು. ಚಾಚಾನ ಕೈ ಮೇಲೆಯೇ ನಿಂತಿತು. ನಿಮ್ಮ ಮುತ್ಯಾ ನನ್ನನ್ನು ಅಂದೇ ಮೊದಲ ಸಲ ನೋಡಿದವರಂತೆ ನೋಡಿದರು. "ಇಕಿಗಿ ಇಷ್ಟು ದನಿ ಅದ ಅಂತ ನನಗ ಯಾರೂ ಹೇಳಿದ್ದಿಲ್ಲ," ಎಂದರು.

"ಅದು ಎಲ್ಲಿಂದ ಬಂತ್ರಿ?" ಎಂದು ಕೇಳಿದೆ.

"ನಿಮ್ಮ ಅತ್ತೀನ ಕೊಟ್ಟಾಳಲ್ಲ, ದೀವಳಿಗಿ ಮುಂದ," ಎಂದರು ಚಾಚಾ. "ದೀಪದ ಗಾಜಿನಾಗ ನನ್ನ ಕೈ ಹೋಗಾಂಗಿಲ್ಲ. ಈ ಸಣ್ಣ ಹೀರಿ ನಾರು ಬರೋಬ್ಬರಿ ಹೋಗತದ. ಬೀಜ ತೆಗದು ನಾಲ್ಕು ಕೊಟ್ಟಿದ್ದಳು. ಮೂರು ಸವದವು, ಇದು ಕಡೀದು."

ಮೂರರ ಬೀಜ ತೆಗೆದು, ನಾಲ್ಕನೆಯದರದನ್ನು ಅತ್ತೆ ಮರೆತಿದ್ದರು. ಆ ಮರೆತ ಬೀಜದ ಮೇಲೆಯೇ ಕೂತು ನಾನು ಹುಮನಾಬಾದಿನ ತನಕ ಬೀಜ ಹುಡುಕಲು ಹೋಗಿ ಬಂದಿದ್ದೆ.

ಚಾಚಾ ತುದಿಯ ಮುಚ್ಚಳ ಮುರಿದು ನನ್ನ ಅಂಗೈಗೆ ಸುರಿದರು. ಕರೀ, ಚಪ್ಪಟೆ ಬೀಜ, ಇಪ್ಪತ್ತಮೂರು. ದಾರಿಯುದ್ದಕ್ಕೂ ನಿಮ್ಮ ಮುತ್ಯಾಗೆ ಎಲ್ಲ ಹೇಳಿದೆ. ಅವರು ನಕ್ಕು ನಕ್ಕು ಟಾಂಗಾದಿಂದ ಬೀಳುವಂತಾದರು. ಚಾಚಾ ಮಾತ್ರ ಒಂದೇ ಮಾತು ಹೇಳಿದರು: "ನೋಡಿದ್ರೇನು? ನನ್ನ ಟಾಂಗಾದ ಮೊಳಿ ಸಡಲಿದ್ದಿಲ್ಲ."

ಮರುದಿನ ಖಾಲಾನ ಅಂಗಳದಲ್ಲಿ ಒಂದು ಬಟ್ಟಲು ನೀರಿಗೆ ಬೀಜ ಹಾಕಿದೆವು. ಐದು ತೇಲಿದವು, ಹದಿನೆಂಟು ಮುಳುಗಿದವು. ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ. ಗುಬ್ಬಿ, ಇದನ್ನು ನೆನಪಿಡು. ಅತ್ತೆ ಹಾಲು ಕರೆಯಲು ಕೂತ ಹೊತ್ತು ನೋಡಿ, ಹಸಿ ಸೆಗಣಿ ತಂದು ಹನ್ನೊಂದು ಉಂಡೆ ಮಾಡಿದೆ. ಕೆಲವಕ್ಕೆ ಎರಡು ಬೀಜ, ಕೆಲವಕ್ಕೆ ಒಂದು. ಬಚ್ಚಲ ಹಿಂದೆ ಹಳೆಯ ಗುರುತುಗಳ ಮೇಲೆಯೇ ಒಂದೊಂದಾಗಿ ತಟ್ಟಿದೆ.

ಗೋಡೆಯ ಮೇಲಿನಿಂದ ಖಾಲಾನ ತಲೆ ಕಾಣಿಸಿತು. "ಕದ್ದು ಬೀಜ ಒಯ್ಯೋರನ್ನ ನೋಡೇನಿ ಬೇಟಿ. ಕದ್ದು ಬೀಜ ಇಡೋರನ್ನ ಇವತ್ತ ನೋಡಿದೆ."

ಇನ್ನು ಹೇಳುವ ಅಗತ್ಯವೇ ಇಲ್ಲವಲ್ಲ ಎಂದು ನನಗೆ ಅನ್ನಿಸಿತು. ಹೋದದ್ದು ಬಂತು, ಗೋಡೆ ತುಂಬಿತು. ಅವ್ವನ ಮಾತು ನೆನಪಾದಾಗಲೆಲ್ಲ ಬದನೆ ಸಸಿಗೆ ಬೇಡವಾದಷ್ಟು ನೀರು ಹಾಕುತ್ತಿದ್ದೆ.

ರಥಸಪ್ತಮಿ ಬಂತು. ಸೂರ್ಯನಿಗೆ ನೀರು ಬಿಟ್ಟು ಅತ್ತೆ ಸಂದಿಗೆ ಹೋದರು. ನಾನು ಬುಟ್ಟಿ ಹಿಡಿದು ಹಿಂದೆ ನಿಂತಿದ್ದೆ. ಮೊದಲ ಕುಳ್ಳು ಕಿತ್ತು ಬುಟ್ಟಿಗೆ ಹಾಕಲು ಹೋದವರು ಹಾಕಲಿಲ್ಲ. ತಿರುಗಿಸಿ ನೋಡಿದರು. ಕುಳ್ಳು ತಟ್ಟಿದವರ ಅಂಗೈ, ಬೆರಳು ಅದರ ಮೇಲೆ ಮೂಡಿರುತ್ತದೆ, ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಅತ್ತೆಯದು ಅಗಲ ಅಂಗೈ, ಕಿರುಬೆರಳು ಸೊಟ್ಟ. ಅವರು ತಮ್ಮ ಕೈಯನ್ನು ಆ ಗುರುತಿನ ಮೇಲಿಟ್ಟರು. ಸುತ್ತಲೂ ಅವರ ಕೈ ಒಂದೊಂದು ಬೆರಳಗಲ ಹೊರಗೆ ಉಳಿಯಿತು.

"ನನ್ನ ಕೈ ಯಾವಾಗ ಇಷ್ಟ ಸಣ್ಣದಾತು?" ಎಂದರು.

ಎರಡನೆಯದನ್ನು ಕಿತ್ತು ನೋಡಿದರು. ಮೂರನೆಯದನ್ನೂ. ಆಮೇಲೆ ನನ್ನ ಕೈ ಹಿಡಿದು ಒಂದು ಕುಳ್ಳಿನ ಮೇಲೆ ಇಟ್ಟರು. ಸರಿಯಾಗಿ ಕೂತಿತು.

ಆಗ ಹೇಳಿದೆ. ಮಳೆಯಿಂದ ಹಿಡಿದು ಗಿಲಿಗಿಲಿಯ ತನಕ, ಒಂದೇ ಉಸಿರಿಗೆ. ಆ ಮನೆಯಲ್ಲಿ ನಾನು ಆಡಿದ ಮೊದಲ ಉದ್ದನೆಯ ಮಾತು ಅದೇ. ಅತ್ತೆ ಕುಳ್ಳನ್ನು ಬುಟ್ಟಿಗೆ ಹಾಕಿ, ಹೋಗಿ ಬೇವಿನ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ತಾಯಿಯ ನೆನಪಾಗಿರಬೇಕು. ನೆರಳು ಒಂದು ಗೇಣು ಸರಿಯುವ ತನಕ ನಾನು ಬುಟ್ಟಿ ಹಿಡಿದು ನಿಂತೇ ಇದ್ದೆ.

ಕೊನೆಗೆ ತಿರುಗದೆಯೇ ಕೇಳಿದರು: "ಅವತ್ತ ಯಾಕ ಹೇಳಲಿಲ್ಲ?"

"ಅಂಜಿಕಿ ಬಂತ್ರಿ."

"ಬೀಜ ಸಿಗದ ಹೋಗಿದ್ರ?"

"ಹೇಳತಿದ್ದೆರೀ."

"ಯಾವಾಗ?"

ನಾನು ಯೋಚಿಸಿದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೀರಿ ಕಾಯಿ ಬಿಡೋ ಹೊತ್ತಿಗೆರೀ."

ಅತ್ತೆಯ ಬೆನ್ನು ಅಲುಗಿತು. ಅಳು ಎಂದುಕೊಂಡೆ, ಖಾಲಾನ ವಿಷಯದಲ್ಲಿ ಮಾಡಿದ ತಪ್ಪನ್ನೇ ಮತ್ತೆ ಮಾಡಿದೆ. ಅವರು ನಗುತ್ತಿದ್ದರು. "ಹನ್ನೊಂದೂ ಹಾಕಿದೇನ? ಅದಕ್ಕ ನಿಮ್ಮ ಮಾವ ಎಳ್ಳಮಾಸಿ ತನಕ ಸೊಸಿ ಸೊಸಿ ಅಂತ ಹಾಡಾಕತ್ತಿದ್ದ!" ನಗು ನಿಂತ ಮೇಲೆ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು. "ನಾ ಮುಚ್ಚಿ ಮುಚ್ಚಿ ಇಟ್ಟದ್ದು ಒಲಿಗಿ ಹೋತು. ಮರತು ಕೊಟ್ಟದ್ದು ಉಳೀತು. ನಮ್ಮವ್ವ ಇದ್ದಿದ್ರ ನನ್ನ ತಲೀಗೆ ಮೊಟಕತಿದ್ದಳು."

ಆ ದಿನವೇ ಕುಳ್ಳುಗಳನ್ನು ಬುಟ್ಟಿಯಲ್ಲಿ ಜೋಡಿಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ಬಚ್ಚಲ ಒಲೆಯ ಮಗ್ಗುಲಲ್ಲಿ ಇಟ್ಟೆವು. ಒಲೆಯೊಳಗಲ್ಲ, ಮಗ್ಗುಲಲ್ಲಿ ಎಂದು ಅತ್ತೆ ನನಗೆ ಮೂರು ಸಲ ಹೇಳಿದರು. ಬೀಜಕ್ಕೆ ಬೆಳಕು ಬೇಡ, ಬೆಚ್ಚಗಿದ್ದರೆ ಸಾಕು. ಗೋಣಿ ಒಣಗಬಾರದು, ನೀರು ನಿಲ್ಲಲೂಬಾರದು. ಐದನೆಯ ದಿನ ಗೋಣಿ ಸರಿಸಿದಾಗ ಸೆಗಣಿ ಸೀಳಿಕೊಂಡು ಬೆಳ್ಳಗಿನ ಮೊಳಕೆ ಕಂಡವು. ಒಂಬತ್ತು ಕುಳ್ಳು ಹುಟ್ಟಿದ್ದವು, ಎರಡು ಹುಟ್ಟಲಿಲ್ಲ. ಕುಳ್ಳಿನ ಸಮೇತ ಗುಂಡಿಗೆ ಇಟ್ಟೆವು. ಗುಬ್ಬಿ, ನಿನ್ನ ಡಬ್ಬಿಗೂ ಇದೇ ಸಾಕು. ಸೆಗಣಿ ಸಿಗದಿದ್ದರೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡಿಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡು, ಮೊಳಕೆ ಕಂಡ ಮೇಲೆ ಮಣ್ಣಿಗೆ ಹಾಕು.

ಆ ಬೇಸಿಗೆ ಬಚ್ಚಲ ಮಾಡು ಕಾಣದಂತೆ ಹೀರೆ ಹಬ್ಬಿತು. ಗೋಡೆ ದಾಟಿ ಖಾಲಾನ ಅಂಗಳಕ್ಕೂ ಇಳಿಯಿತು. ಈ ಸಲ ಅತ್ತೆ ಅದನ್ನು ಈಚೆಗೆ ಎಳೆದುಕೊಳ್ಳಲಿಲ್ಲ. ಕಾಯಿ ಒಣಗಿದ ಮೇಲೆ ಮೊದಲು ನನ್ನ ಉಡಿಗೆ ಒಂದು ಹಿಡಿ ಬೀಜ ಹಾಕಿದರು. ಆಮೇಲೆ ಖಾಲಾಗೆ, ಹುಮನಾಬಾದಿನ ಅತ್ತಿಗೆಗೆ, ಹುಡಗಿಯ ನನ್ನ ಅವ್ವನಿಗೆ, ಒಂದೊಂದು ಪೊಟ್ಟಣ. ಚಾಚಾಗೆ ನಾಲ್ಕು ಒಣ ಕಾಯಿ, ಅವುಗಳಲ್ಲಿ ಒಂದರ ಬೀಜ ಬೇಕೆಂದೇ ತೆಗೆಯದೆ. ಯಾರಿಗೆ ಏನು ಕೊಟ್ಟೆವೆಂದು ವಹಿಯ ಎರಡನೆಯ ಹಾಳೆಯಲ್ಲಿ ನನ್ನಿಂದ ಬರೆಸಿದರು. ಮೊದಲ ಹಾಳೆಯಲ್ಲಿ ಗೊಂಚಲು ಎಂಬಲ್ಲಿಗೆ ನಿಂತಿದ್ದ ಸಾಲನ್ನೂ ಅಂದೇ ಪೂರ್ತಿ ಮಾಡಿದೆ.

ಮುಂದೆ ಎರಡು ವರ್ಷ ನಮ್ಮಲ್ಲಿ ಬೀಜ ಕೆಟ್ಟಿತು. ಒಮ್ಮೆ ಖಾಲಾನಿಂದ ತಂದೆವು, ಒಮ್ಮೆ ಹುಡಗಿಯಿಂದ. ನಿಮ್ಮ ಮುತ್ಯಾ ಇರುವ ತನಕ ಚಳಿಗಾಲ ಬಂದರೆ ಸಾಕು, ಕೈಗೆ ಸಿಕ್ಕ ಡಬ್ಬಿಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ "ಮೊಳೀ ಸಡಲೇದ" ಎನ್ನುತ್ತಿದ್ದರು. ಈಗ ನಾನೇ ಒಮ್ಮೊಮ್ಮೆ ಅಲ್ಲಾಡಿಸಿ ಕೇಳುತ್ತೇನೆ.

ಇದನ್ನು ನಾನು ಮೂರು ಸಲ ಬರೆದಿದ್ದೇನೆ, ಮೂವರಿಗೂ ಒಂದೊಂದು ಪ್ರತಿ. ಒಂದೇ ಗೋಡೆಗೆ ಎಲ್ಲವನ್ನೂ ತಟ್ಟುವ ತಪ್ಪನ್ನು ಮತ್ತೆ ಮಾಡಲಾರೆ. ಪ್ರತಿಯೊಂದರ ಮಡಿಕೆಯಲ್ಲಿ ಐದೈದು ಬೀಜ ಇವೆ, ನೀರಿನಲ್ಲಿ ಮುಳುಗಿದವನ್ನೇ ಆರಿಸಿದ್ದೇನೆ. ಬೀಜ ಮಣ್ಣಿಗೆ ಹಾಕಿ. ಹಾಳೆಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಪುಟ್ಟವ್ವ ಇನ್ನೂ ಓದಲಾರಳು, ಅವಳ ಪ್ರತಿಯನ್ನು ಗುಂಡ್ಯಾ ಕಾಯಲಿ, ದೋಣಿ ಮಾಡದೆ. ನಿಮ್ಮ ಮನೆಯಲ್ಲಿ ಬಚ್ಚಲ ಒಲೆ ಇಲ್ಲ ಎನ್ನುವುದೊಂದೇ ನನಗೆ ಧೈರ್ಯ.